ನವನಗರದ ವಿಳಾಸ, 47ನೇ ಬಿಟ್

ಹೋದ ತಿಂಗಳು ಬಾಗಲಕೋಟೆ ನವನಗರದ ಒಂದು ರಿಪೇರಿ ಅಂಗಡಿಯಲ್ಲಿ ನನ್ನ ಲ್ಯಾಪ್‌ಟಾಪ್‌ಗೆ ಹೊಸ ರ‍್ಯಾಮ್ ಹಾಕಿಸಿದೆ. ಮಷಿನ್ ಕೆಲಸ ಮಾಡುವಾಗ ಬಳಸುವ ಮೆಮರಿ ಅದು. ಹುಡುಗ ಎರಡೂ ಬದಿಯ ಕ್ಲಿಪ್ ಸರಿಸಿದ, ಹಳೇ ರ‍್ಯಾಮ್ ಟಕ್ ಅಂತ ಮೇಲೆದ್ದಿತು. ಬೆರಳುದ್ದದ ಹಸಿರು ಪಟ್ಟಿ, ಮೇಲೆ ಕರಿ ಚಿಪ್‌ಗಳು. ಪೇಪರಿನಲ್ಲಿ ಸುತ್ತಿ ಕೈಗಿಟ್ಟು ಹೇಳಿದ: "ಇದರಾಗ ನಿಮ್ದೇನೂ ಉಳಿದಿಲ್ರಿ ಸರ್. ಕರೆಂಟ್ ಹೋತಂದ್ರ ಎಲ್ಲಾ ಖಾಲಿ."

ಖಾಲಿ ಆಗುವುದು ನಿಜ, ಆದರೆ ತಕ್ಷಣ ಅಲ್ಲ. ರ‍್ಯಾಮ್‌ನ ಒಂದೊಂದು ಬಿಟ್ಟೂ (0 ಅಥವಾ 1) ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ನಿಂತ ಚಾರ್ಜು. ಕರೆಂಟ್ ನಿಂತ ಮೇಲೆ ಅದು ಮೆಲ್ಲಗೆ ಸೋರುತ್ತದೆ. ತಣ್ಣಗಿದ್ದಷ್ಟೂ ಸೋರಿಕೆ ನಿಧಾನ. 2008ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಮಾಡಿ ತೋರಿಸಿದರು. ಧೂಳು ಹೊಡೆಯುವ ಸ್ಪ್ರೇ ಡಬ್ಬಿಯನ್ನು ತಲೆಕೆಳಗೆ ಹಿಡಿದು ರ‍್ಯಾಮ್ ಮೇಲೆ ಬಿಟ್ಟರು. ಅದು ಮೈನಸ್ 50 ಡಿಗ್ರಿಗೆ ಇಳಿಯಿತು. ಹತ್ತು ನಿಮಿಷ ಕರೆಂಟ್ ಇಲ್ಲದೆ ಇಟ್ಟರೂ ಅಳಿದದ್ದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ನೀವು ಹಾರ್ಡ್ ಡಿಸ್ಕ್‌ಗೆ ಎಷ್ಟೇ ಗಟ್ಟಿ ಬೀಗ ಹಾಕಿರಿ, ಮಷಿನ್ ಚಾಲೂ ಇದ್ದಾಗ ಅದರ ಕೀಲಿ ರ‍್ಯಾಮ್‌ನಲ್ಲೇ ಇರುತ್ತದೆ. ಅವರು ಎತ್ತಿಕೊಂಡದ್ದು ಆ ಕೀಲಿಯನ್ನೇ.

ಹಾಗಾದರೆ ರ‍್ಯಾಮ್‌ಗೇ ಬೀಗ ಹಾಕಿದರೆ? 2016ರಲ್ಲಿ ಪ್ರೊಸೆಸರ್ ತಯಾರಿಸುವ ಎಎಂಡಿ ಕಂಪನಿ ಇದರ ವಿವರ ಪ್ರಕಟಿಸಿತು. ಪ್ರೊಸೆಸರ್ ಒಳಗಿನ ಮೆಮರಿ ಕಂಟ್ರೋಲರ್‌ನಲ್ಲೇ ಗೂಢಲಿಪಿ ಮಾಡುವ ಯಂತ್ರ ಕೂರುತ್ತದೆ. ರ‍್ಯಾಮ್‌ಗೆ ಹೋಗುವುದೆಲ್ಲ ಎಇಎಸ್ ಎಂಬ ಗೂಢಲಿಪಿ ವಿಧಾನದ 128 ಬಿಟ್ಟಿನ ಕೀಲಿಯಿಂದ ಕಲಸಿ ಹೋಗುತ್ತದೆ, ಬರುವಾಗ ಬಿಡಿಸಿಕೊಂಡು ಬರುತ್ತದೆ. ಮಷಿನ್ ಚಾಲೂ ಮಾಡಿದಾಗಲೆಲ್ಲ ಹೊಸ ಕೀಲಿ. ಯಾವ ಸಾಫ್ಟ್‌ವೇರ್‌ಗೂ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ಗೂ ಸಹ, ಅದು ಕಾಣುವುದಿಲ್ಲ. ಪಟ್ಟಿ ಕಿತ್ತುಕೊಂಡು ಓಡಿದವನಿಗೆ ಸಿಗುವುದು ಬರೀ ಕಸ.

ಬೀಗ ತಯಾರಾಯಿತು. ಅದನ್ನು ಹಾಕುವ ಕೆಲಸ ಕರ್ನೆಲ್‌ನದು. ಕಷ್ಟ ಶುರುವಾಗುವುದು ಅಲ್ಲಿ.

ಮೆಮರಿಯ ಯಾವ ಪುಟ (ಮೆಮರಿಯ ಒಂದು ತುಂಡು) ಎಲ್ಲಿದೆ ಅಂತ ಕರ್ನೆಲ್ ಒಂದು ಪೇಜ್ ಟೇಬಲ್‌ನಲ್ಲಿ ಬರೆದಿಡುತ್ತದೆ. ಆ ವಿಳಾಸದಲ್ಲಿ ಒಂದು ಬಿಟ್ಟನ್ನು 1 ಮಾಡಿದರೆ ಆ ಪುಟಕ್ಕೆ ಬೀಗ, 0 ಇದ್ದರೆ ಇಲ್ಲ. ಎಎಂಡಿಯ ಮೊದಲ ಎಪಿಕ್ ಸರ್ವರ್ ಪ್ರೊಸೆಸರ್‌ಗಳಲ್ಲಿ ಅದು 47ನೇ ಬಿಟ್. ಅಂದರೆ ಒಂದೇ ಕೋಣೆಗೆ ಎರಡು ವಿಳಾಸ. ತಪ್ಪು ವಿಳಾಸ ಹಿಡಿದು ಹೋದರೆ ಕೋಣೆ ಅದೇ, ಒಳಗೆ ಕಾಣುವುದು ಮಾತ್ರ ಕಸ.

ಇದನ್ನು ಓದುವಾಗಲೆಲ್ಲ ನನಗೆ ನಾವು ಹಳೇ ಬಾಗಲಕೋಟೆ ಬಿಟ್ಟದ್ದು ನೆನಪಾಗುತ್ತದೆ. ಆಲಮಟ್ಟಿ ಹಿನ್ನೀರು ಬರುತ್ತದೆ ಅಂತ ಮನೆ ಖಾಲಿ ಮಾಡಿ ನವನಗರಕ್ಕೆ ಬಂದೆವು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ಹೊರಡುವ ದಿನ ಒಲೆಯ ವಿಷಯಕ್ಕೆ ಅಜ್ಜಿಗೂ ಅಪ್ಪನಿಗೂ ದೊಡ್ಡ ವಾದ. ಉರಿಯುತ್ತಿರುವ ಒಲೆಯನ್ನು ಎತ್ತುವುದು ಹೇಗೆ? ಕೊನೆಗೆ ಅಜ್ಜಿ ಪಕ್ಕದ ಮನೆಯ ಕಟ್ಟೆಯ ಬಳಿ ಮೂರು ಕಲ್ಲಿಟ್ಟು, ಅಲ್ಲಿ ರೊಟ್ಟಿ ಬಡಿದಳು. ಆಮೇಲೆ ಮನೆಯ ಒಲೆ ಟ್ರ್ಯಾಕ್ಟರ್ ಹತ್ತಿತು.

ಕರ್ನೆಲ್ ಮಾಡುವುದೂ ಇದನ್ನೇ. ಬೂಟ್ ಆಗುವಾಗ, ಅಂದರೆ ಮಷಿನ್ ಚಾಲೂ ಆಗುವಾಗ, ಕರ್ನೆಲ್ ಮೆಮರಿಗೆ ಬರುವುದು ಬೀಗ ಇಲ್ಲದೆ. ಅದು ಓಡುತ್ತಾ ಓಡುತ್ತಾ ತನಗೆ ತಾನೇ ಬೀಗ ಹಾಕಿಕೊಳ್ಳಬೇಕು. ಸಾಮಾನು ಬೇರೆ ಊರಿಗೆ ಹೋಗುವುದಿಲ್ಲ ಅಷ್ಟೇ, ಇದ್ದಲ್ಲೇ ರೂಪ ಬದಲಾಗುತ್ತದೆ. ನಿಂತ ನೆಲವನ್ನೇ ಅಗೆಯಲು ಆಗಲ್ಲ, ಅಲ್ವಾ? ಅದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಕರ್ನೆಲ್ ಮೊದಲು ಕೋಡಿನ ಒಂದು ಚಿಕ್ಕ ತುಂಡನ್ನು ಪಕ್ಕದ ಜಾಗಕ್ಕೆ ನಕಲು ಮಾಡುತ್ತದೆ. ಅದೇ ಮೂರು ಕಲ್ಲಿನ ಒಲೆ. ಆ ತುಂಡು ಕ್ಯಾಶ್ (ಪ್ರೊಸೆಸರ್ ಒಳಗಿನ ಚಿಕ್ಕ, ವೇಗದ ಮೆಮರಿ) ತೊಳೆದು, 2 ಎಂಬಿಯಷ್ಟು ಕರ್ನೆಲ್ಲನ್ನು ಬೀಗವಿಲ್ಲದ ವಿಳಾಸದಿಂದ ಓದಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಮತ್ತೆ ಅದೇ ಜಾಗಕ್ಕೆ, ಬೀಗದ ವಿಳಾಸದಿಂದ, ಬರೆಯುತ್ತದೆ. ಆಮೇಲೆ ಮುಂದಿನ 2 ಎಂಬಿ. ಕ್ಯಾಶ್ ಯಾಕೆ ತೊಳೆಯಬೇಕು ಅಂದರೆ, ಒಂದೇ ಪುಟಕ್ಕೆ ಎರಡು ವಿಳಾಸ ಇರುವಾಗ ಹಳೇ ನಕಲು ಕ್ಯಾಶ್‌ನಲ್ಲಿ ಉಳಿದರೆ ಅದು ಯಾವಾಗಲಾದರೂ ಹೊಸದರ ಮೇಲೆ ಬಂದು ಕೂತೀತು. ಹಾರ್ಡ್‌ವೇರ್ ಇದನ್ನು ತಾನಾಗಿ ಸರಿಪಡಿಸುತ್ತದೆ ಅಂತ ಎಲ್ಲ ಪ್ರೊಸೆಸರ್‌ಗಳಲ್ಲೂ ನಂಬುವಂತಿಲ್ಲ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಇನ್ನು ಪತ್ರಗಳ ವಿಷಯ. ನಾವು ಬಂದು ಎಷ್ಟೋ ದಿನ ಹಳೇ ವಿಳಾಸಕ್ಕೇ ಪತ್ರ ಬರುತ್ತಿದ್ದವು. ಪರಿಚಯದ ಕಿರಾಣಿ ಅಂಗಡಿಯಲ್ಲಿ ಅಂಚೆಯವರು ಬಿಟ್ಟು ಹೋಗುತ್ತಿದ್ದರು. ಅಪ್ಪ ವಾರಕ್ಕೊಮ್ಮೆ ಹೋಗಿ ತರುತ್ತಿದ್ದರು. ಕಂಪ್ಯೂಟರ್‌ನಲ್ಲಿ ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಇವೆಲ್ಲ ಪ್ರೊಸೆಸರ್‌ನ ಕೇಳದೆ ನೇರ ಮೆಮರಿಗೆ ಬರೆಯುತ್ತವೆ. ಇವುಗಳಲ್ಲಿ ಕೆಲವಕ್ಕೆ 32 ಬಿಟ್ಟಿನ ವಿಳಾಸ ಬಿಟ್ಟು ಬೇರೆ ಗೊತ್ತಿಲ್ಲ. 47ನೇ ಬಿಟ್ ಬರೆಯಲು ಅವಕ್ಕೆ ಜಾಗವೇ ಇಲ್ಲ. ಅಂಥವಕ್ಕಾಗಿ ಕರ್ನೆಲ್ ಬೀಗವಿಲ್ಲದ ಒಂದು ಜಾಗ ಇಡುತ್ತದೆ. ಕಾರ್ಡ್ ಅಲ್ಲಿಗೆ ತಂದು ಹಾಕುತ್ತದೆ, ಕರ್ನೆಲ್ ಅದನ್ನು ಒಳಗಿನ ಬೀಗದ ಪುಟಕ್ಕೆ ನಕಲು ಮಾಡಿಕೊಳ್ಳುತ್ತದೆ. ಕಿರಾಣಿ ಅಂಗಡಿಯಂಥದ್ದೇ ಏರ್ಪಾಡು. ಒಂದು ನಕಲು ಜಾಸ್ತಿ, ಅಷ್ಟು ಹೊತ್ತು ಜಾಸ್ತಿ. ಬಯಾಸ್ (ಮಷಿನ್ ಚಾಲೂ ಆದಾಗ ಮೊದಲು ಓಡುವ ಪ್ರೋಗ್ರಾಂ) ಮೊದಲೇ ಬರೆದಿಟ್ಟ ಮಾಹಿತಿ ಪಟ್ಟಿಗಳೂ ಬೀಗವಿಲ್ಲದವು. ಅವನ್ನು ಹಾಗೇ ಓದಬೇಕು.

ಈ ಬೆಂಬಲ ಲಿನಕ್ಸ್‌ಗೆ ಸೇರಿದ್ದು 2017ರ ನವೆಂಬರ್‌ನ 4.14 ಆವೃತ್ತಿಯಲ್ಲಿ. ಬಯಾಸ್‌ನಲ್ಲೇ ಒಂದು ಸ್ವಿಚ್ ಒತ್ತಿ ಇಡೀ ರ‍್ಯಾಮ್‌ಗೆ ಬೀಗ ಹಾಕುವ ದಾರಿಯೂ ಇದೆ. ಆಗ ಕರ್ನೆಲ್‌ಗೆ ಯಾವ ಕೆಲಸವೂ ಇಲ್ಲ. ಆದರೂ ನನ್ನ ಮಟ್ಟಿಗೆ ಕರ್ನೆಲ್‌ನ ದಾರಿಯೇ ಮುಖ್ಯ. ನಮ್ಮ ಜಿಲ್ಲೆಯ ಒಂದು ಪತ್ತಿನ ಸಹಕಾರಿ ಸಂಘ ತನ್ನ ಲೆಕ್ಕವನ್ನೆಲ್ಲ ಬಾಡಿಗೆ ಸರ್ವರ್‌ನಲ್ಲಿ ಇಟ್ಟಿದೆ ಅನ್ನಿ. ಅದೇ ಮಷಿನ್‌ನಲ್ಲಿ ಬೇರೆ ಹತ್ತು ಬಾಡಿಗೆದಾರರು. ಎಲ್ಲರಿಗೂ ಒಂದೇ ಕೀಲಿ ಆದರೆ ಏನು ಬಂತು? ಬಾಡಿಗೆದಾರನಿಗೊಂದು ಕೀಲಿ ಬೇಕು, ಮನೆ ಮಾಲೀಕನೂ ಒಳಗೆ ಇಣುಕಬಾರದು. ಯಾವ ಪುಟ ತನ್ನದು, ಯಾವುದು ಹೊರಗಿನವರ ಜೊತೆ ಹಂಚಿಕೊಂಡದ್ದು ಅಂತ ಪುಟಪುಟಕ್ಕೂ ಹೇಳಬೇಕು. ಅದನ್ನು ಹೇಳಬಲ್ಲದ್ದು ಕರ್ನೆಲ್ ಮಾತ್ರ. 2018ರಲ್ಲಿ ಬಂದ 4.15 ಮತ್ತು 4.16 ಆ ಕೆಲಸ ಶುರು ಮಾಡಿದವು.

ನಿಮ್ಮ ಪ್ರೊಸೆಸರ್‌ನಲ್ಲಿ ಈ ಸೌಲಭ್ಯ ಇದ್ದರೂ ಲಿನಕ್ಸ್ ಅದನ್ನು ಸಾಮಾನ್ಯವಾಗಿ ತಾನಾಗಿ ಚಾಲೂ ಮಾಡುವುದಿಲ್ಲ. ಬೂಟ್ ಮಾಡುವಾಗ ನಾವೇ ಹೇಳಬೇಕು. 2021ರಲ್ಲಿ ಹಾಗೆ ತೀರ್ಮಾನಿಸಿದರು. ಗೂಢಲಿಪಿಯಲ್ಲಿ ಏನೂ ದೋಷ ಇರಲಿಲ್ಲ. ಕೆಲವು ಮಷಿನ್‌ಗಳಲ್ಲಿ ಗ್ರಾಫಿಕ್ಸ್‌ನಂಥ ಭಾಗಗಳು ಹೊಸ ವಿಳಾಸಕ್ಕೆ ಹೊಂದಿಕೊಳ್ಳದೆ ಬೂಟ್ ಆಗುವುದೇ ನಿಲ್ಲುತ್ತಿತ್ತು. ಅವುಗಳ ಪತ್ರ ಇನ್ನೂ ಹಳೇ ಓಣಿಗೇ ಹೋಗುತ್ತಿದ್ದವು.