ಡೊಮೇನ್ ನಿಮ್ಮದೇ, ಆದರೆ ದಾಖಲೆಯಲ್ಲಿ ಯಾರ ಹೆಸರಿದೆ?

"ನನ್ನ ಡೊಮೇನ್‌ಗೆ ಪ್ರೈವಸಿ ಹಾಕಿಸಿದ್ದೇನೆ, ಅದು ಯಾರದ್ದು ಅಂತ ಯಾರಿಗೂ ಗೊತ್ತಾಗಲ್ಲ." ವೆಬ್‌ಸೈಟ್ ಇರುವ ಎಷ್ಟೋ ಜನ ಹೀಗೆ ನಂಬಿಕೊಂಡಿದ್ದಾರೆ. ಇದು ತಪ್ಪು. ಹೊರಗಿನವರಿಗೆ ಕಾಣುವುದಿಲ್ಲ, ಅಷ್ಟೇ. ಒಂದು ಹೆಸರು, ಒಂದು ಇಮೇಲ್, ಒಂದು ಫೋನ್ ನಂಬರ್ ದಾಖಲೆಯಲ್ಲಿ ಇದ್ದೇ ಇರುತ್ತದೆ. ಅದು ನಿಮ್ಮದೇನಾ ಅನ್ನುವುದು ನೀವು ಕೇಳಬೇಕಾದ ಪ್ರಶ್ನೆ.

ಡಾಟ್ ಕಾಮ್ ಹೆಸರನ್ನೇ ತಗೊಳ್ಳಿ. ಅದರ ಮುಖ್ಯ ಪಟ್ಟಿ ಇರುವುದು ಅಮೆರಿಕದ ವೆರಿಸೈನ್ ಕಂಪನಿಯ ಹತ್ತಿರ. ವೆರಿಸೈನ್ ನಮಗೆ ನೇರವಾಗಿ ಮಾರುವುದಿಲ್ಲ. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಮಾನ್ಯತೆ ಇರುವ ರಿಜಿಸ್ಟ್ರಾರ್‌ಗಳ, ಅಂದರೆ ಡೊಮೇನ್ ನೋಂದಾಯಿಸುವ ಕಂಪನಿಗಳ ಮೂಲಕವೇ ಕೊಳ್ಳಬೇಕು. ಅವರ ಕೆಳಗೆ ರೀಸೆಲ್ಲರ್‌ಗಳು, ಅಂದರೆ ಅವರ ಮೂಲಕ ತಗೊಂಡು ನಮಗೆ ಮಾರುವವರು. ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಜಾಗ) ಮಾರುವ ಸಣ್ಣ ಕಂಪನಿಗಳು, ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ವೆಬ್‌ಸೈಟ್ ಮಾಡಿಕೊಡುವ ಹುಡುಗರು, ಇವರೆಲ್ಲ ಈ ಸಾಲಿನವರು. ರೀಸೆಲ್ಲರ್‌ಗೂ ಐಕ್ಯಾನ್‌ಗೂ ನೇರ ಒಪ್ಪಂದವೇ ಇಲ್ಲ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ: ವೆರಿಸೈನ್‌ನ ಡಾಟ್ ಕಾಮ್ ಪಟ್ಟಿಯಲ್ಲಿ ಕೊಂಡವರ ಹೆಸರು ಇರುವುದೇ ಇಲ್ಲ! ಡೊಮೇನ್, ರಿಜಿಸ್ಟ್ರಾರ್ ಯಾರು, ವೆಬ್‌ಸೈಟ್ ಎಲ್ಲಿದೆ ಅಂತ ದಾರಿ ತೋರಿಸುವ ನೇಮ್‌ಸರ್ವರ್ ಯಾವುದು, ತಾರೀಕುಗಳು, ಮುಖ್ಯವಾಗಿ ಇಷ್ಟೇ. ನಿಮ್ಮ ಹೆಸರು ರೀಸೆಲ್ಲರ್ ತುಂಬಿದ ಫಾರ್ಮ್‌ನಿಂದ ಹೊರಟು ರಿಜಿಸ್ಟ್ರಾರ್‌ನ ಕಂಪ್ಯೂಟರ್‌ನಲ್ಲಿ ನಿಂತುಬಿಡುತ್ತದೆ. ಅಂದರೆ ರೀಸೆಲ್ಲರ್ ಅವತ್ತು ಏನು ಟೈಪ್ ಮಾಡಿದರೋ ಅದೇ ಸತ್ಯ.

ಮೊದಲು ಇದನ್ನೆಲ್ಲ ಯಾರು ಬೇಕಾದರೂ ನೋಡಬಹುದಿತ್ತು. ಇಂಥ ದಾಖಲೆ ಹುಡುಕುವ ಹೂ ಈಸ್ (WHOIS) ಅನ್ನುವ ವ್ಯವಸ್ಥೆ ಬಂದದ್ದು 1982ರಲ್ಲಿ, ಇಂಟರ್‌ನೆಟ್‌ಗೂ ಮೊದಲಿನ ಜಾಲವಾದ ಅರ್ಪಾನೆಟ್ ಕಾಲದಲ್ಲಿ. ಆ ಜಾಲ ಬಳಸುವವರೆಲ್ಲ ಹೆಸರು, ವಿಳಾಸ, ಫೋನ್ ನಂಬರ್ ಬರೆಸಿ ಅಂತ ಆಗ ಕೇಳಿಕೊಂಡಿದ್ದರು. ಬಳಸುತ್ತಿದ್ದವರು ಹೆಚ್ಚಾಗಿ ಸಂಶೋಧಕರು ಮತ್ತು ಮಿಲಿಟರಿಯವರು, ಹಾಗಾಗಿ ತೊಂದರೆ ಇರಲಿಲ್ಲ. ಆಮೇಲೆ ಇಡೀ ಪ್ರಪಂಚ ಬಂದು ಸೇರಿಕೊಂಡಿತು, ಪದ್ಧತಿ ಮಾತ್ರ ಹಾಗೇ ಉಳಿಯಿತು. ಡೊಮೇನ್ ಕೊಂಡ ಮಾರನೇ ದಿನವೇ "ಸರ್, ವೆಬ್‌ಸೈಟ್ ಮಾಡಿಸ್ತೀರಾ" ಅಂತ ಫೋನ್ ಬರುತ್ತಿದ್ದದ್ದು ಇದರಿಂದಲೇ. ಹೆಸರು ಮುಚ್ಚಿಡಲು ವರ್ಷಕ್ಕೆ ಇಷ್ಟು ಅಂತ ದುಡ್ಡು ತಗೊಳ್ಳುವ ಸೇವೆ ಹುಟ್ಟಿತು. ರೀಸೆಲ್ಲರ್‌ಗಳಿಗೆ ಅದೊಂದು ಒಳ್ಳೆಯ ಆದಾಯವೂ ಆಗಿತ್ತು.

2018ರ ಮೇ 25ರಂದು ವೈಯಕ್ತಿಕ ಮಾಹಿತಿ ಕಾಪಾಡುವ ಯುರೋಪಿನ ಕಾನೂನು ಜಿಡಿಪಿಆರ್ ಜಾರಿಗೆ ಬಂತು. ತಪ್ಪಿದರೆ 2 ಕೋಟಿ ಯೂರೊವರೆಗೆ, ಇಲ್ಲವೇ ಜಾಗತಿಕ ವಹಿವಾಟಿನ ಶೇ 4ರವರೆಗೆ ದಂಡ, ಯಾವುದು ಜಾಸ್ತಿಯೋ ಅದು. ಐಕ್ಯಾನ್ ಕೇವಲ ಎಂಟು ದಿನ ಮೊದಲು ಒಂದು ತಾತ್ಕಾಲಿಕ ನಿಯಮ ಮಾಡಿ, ವೈಯಕ್ತಿಕ ವಿವರಗಳನ್ನು ಮುಚ್ಚಲು ದಾರಿ ಮಾಡಿಕೊಟ್ಟಿತು. ಯುರೋಪಿನವರದ್ದು ಮಾತ್ರ ಬೇರೆ ಮಾಡುವುದು ಕಷ್ಟ, ಹಾಗಾಗಿ ಹೆಚ್ಚಿನ ರಿಜಿಸ್ಟ್ರಾರ್‌ಗಳು ಎಲ್ಲರದ್ದೂ ಮುಚ್ಚಿದರು. ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಪ್ರೈವಸಿ ಬಹುಪಾಲು ಪುಕ್ಕಟೆ ಸಿಕ್ಕಿತು.

ಒಳ್ಳೆಯದೇ ಆಯಿತು, ಆದರೆ ಜೊತೆಗೆ ಒಂದು ಮುಖ್ಯವಾದ ಸೌಲಭ್ಯ ಹೋಯಿತು. ನಮ್ಮ ಪಹಣಿಯನ್ನು ನೆನೆಸಿಕೊಳ್ಳಿ. ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಅದರಿಂದ ನಮ್ಮ ಖಾಸಗಿತನಕ್ಕೆ ಸ್ವಲ್ಪ ಪೆಟ್ಟು ಬೀಳಬಹುದು, ಆದರೆ ನಮ್ಮ ಜಮೀನು ಇನ್ನೂ ನಮ್ಮ ಹೆಸರಲ್ಲೇ ಇದೆಯಾ ಅಂತ ನಾವೂ ಯಾವಾಗ ಬೇಕಾದರೂ ನೋಡಿಕೊಳ್ಳಬಹುದು. ಮಾಲೀಕರ ಕಾಲಂ ಮೇಲೆ ಕಪ್ಪು ಪಟ್ಟಿ ಎಳೆದುಬಿಟ್ಟರೆ? ಅಲ್ಲಿ ನಿಮ್ಮ ಹೆಸರಿದ್ದರೂ, ದಲ್ಲಾಳಿಯ ಹೆಸರಿದ್ದರೂ ಹೊರಗಿನಿಂದ ಒಂದೇ ಥರ ಕಾಣುತ್ತದೆ. ಡೊಮೇನ್ ವಿಷಯದಲ್ಲಿ ಈಗ ಆಗಿರುವುದು ಇದೇ. ಎಷ್ಟೋ ಅಂಗಡಿ, ಶಾಲೆ, ಸಂಘಗಳ ಡೊಮೇನ್ ಅದನ್ನು ಮಾಡಿಸಿಕೊಟ್ಟವರ ಹೆಸರಲ್ಲಿದೆ. ಅವರಲ್ಲಿ ಬಹಳ ಜನರಿಗೆ ಮೋಸದ ಉದ್ದೇಶವೇ ಇಲ್ಲ, ಸುಮ್ನೆ ಸುಲಭ ಅಂತ ಹಾಗೆ ಮಾಡಿರುತ್ತಾರೆ. ಆ ಹುಡುಗ ಕೆಲಸ ಬಿಟ್ಟು ಬೇರೆ ಊರಿಗೆ ಹೋದಾಗ, ಫೋನ್ ನಂಬರ್ ಬದಲಾದಾಗ, ರಿನ್ಯೂವಲ್ ನೆನಪಿಸುವ ಇಮೇಲ್ ಯಾರೂ ತೆರೆಯದ ಇನ್‌ಬಾಕ್ಸ್‌ಗೆ ಹೋಗಿ ಬೀಳುವಾಗ ತೊಂದರೆ ಶುರುವಾಗುತ್ತದೆ.

ಈ ಅಪಾಯ ಹಳೆಯದೇ. ರಿಜಿಸ್ಟರ್‌ಫ್ಲೈ ಅಂತ ಒಂದು ಅಮೆರಿಕನ್ ಕಂಪನಿ ಇತ್ತು. ರೀಸೆಲ್ಲರ್ ಆಗಿ ಶುರುವಾಗಿ ಆಮೇಲೆ ರಿಜಿಸ್ಟ್ರಾರ್ ಆಯಿತು. 2007ರಲ್ಲಿ ಅದು ಕುಸಿಯಿತು, ಐಕ್ಯಾನ್ ಮಾನ್ಯತೆ ಕಿತ್ತುಕೊಂಡಿತು, ಅದರ ಹತ್ತಿರವಿದ್ದ ಡೊಮೇನ್‌ಗಳನ್ನು ಗೋಡ್ಯಾಡಿ ಅನ್ನುವ ಇನ್ನೊಂದು ರಿಜಿಸ್ಟ್ರಾರ್‌ಗೆ ಸಾಗಿಸಬೇಕಾಯಿತು. ಪ್ರೈವಸಿ ಸೇವೆ ತಗೊಂಡಿದ್ದವರ ನಿಜವಾದ ಗುರುತು ಹಿಡಿಯುವುದೇ ಅಲ್ಲಿ ದೊಡ್ಡ ಕಷ್ಟ. ಹೆಸರು ಮುಚ್ಚಿಡಲು ಕಾಸು ಕೊಟ್ಟವರೇ ಜಾಸ್ತಿ ಪೇಚಾಡಿದರು. ರಿಜಿಸ್ಟ್ರಾರ್‌ಗಳ ಜೊತೆಗಿನ 2009ರ ಒಪ್ಪಂದದಲ್ಲಿ ಐಕ್ಯಾನ್ ಇದಕ್ಕಾಗಿಯೇ ನಿಯಮ ಸೇರಿಸಿತು: ಮುಚ್ಚಿಟ್ಟ ಹೆಸರಿನ ಪ್ರತಿಯನ್ನು ಮೂರನೆಯವರ ಹತ್ತಿರ ಇಡಬೇಕು, ಇಲ್ಲದಿದ್ದರೆ ಇಟ್ಟಿಲ್ಲ ಅಂತ ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕು. ರೀಸೆಲ್ಲರ್‌ಗಳಿಗೂ ಅದರಲ್ಲೇ ಕಟ್ಟುಪಾಡು ಬಂತು.

2025 ಇನ್ನೂ ಎರಡು ಬದಲಾವಣೆ ತಂದಿತು. ಜನವರಿ 28ರಿಂದ ಡಾಟ್ ಕಾಮ್‌ನಂಥ ಹೆಸರುಗಳಿಗೆ ಹಳೆಯ ಹೂ ಈಸ್ ಕಡ್ಡಾಯವಲ್ಲ, ಅದರ ಜಾಗಕ್ಕೆ ಆರ್‌ಡಿಎಪಿ ಅನ್ನುವ ಹೊಸ ಹುಡುಕಾಟದ ವ್ಯವಸ್ಥೆ ಬಂದಿದೆ. ಆಗಸ್ಟ್ 21ರಿಂದ ಡೊಮೇನ್ ದಾಖಲೆಗೆ ಐಕ್ಯಾನ್‌ನ ಹೊಸ ನೀತಿ. ರೀಸೆಲ್ಲರ್‌ಗಳ ಗ್ರಾಹಕರು ಗಮನಿಸಬೇಕಾದದ್ದು ಈ ಎರಡನೆಯದು. ಮೊದಲು ಫಾರ್ಮ್‌ನಲ್ಲಿ ಮಾಲೀಕರಿಗೆ ಒಂದು ಜಾಗ, ಆಡಳಿತ ನೋಡುವವರಿಗೆ ಒಂದು, ತಾಂತ್ರಿಕ ಕೆಲಸದವರಿಗೆ ಒಂದು ಜಾಗ ಇರುತ್ತಿತ್ತು. ವೆಬ್‌ಸೈಟ್ ಮಾಡಿದವರು ಪ್ರಾಮಾಣಿಕವಾಗಿ ತಮ್ಮ ಹೆಸರು ಹಾಕಿಕೊಳ್ಳಲು ಆ ಕೊನೆಯ ಎರಡು ಜಾಗಗಳಿದ್ದವು. ಈಗ ಆಡಳಿತದ ಜಾಗ ಹೋಯಿತು, ತಾಂತ್ರಿಕದ್ದು ರಿಜಿಸ್ಟ್ರಾರ್ ಇಷ್ಟಕ್ಕೆ ಬಿಟ್ಟದ್ದು. ಸಂಸ್ಥೆಯ ಹೆಸರಿನ ಜಾಗ ತುಂಬಿದರೆ ಆ ಸಂಸ್ಥೆಯೇ ಡೊಮೇನ್‌ನ ಹಕ್ಕುದಾರ. ರೀಸೆಲ್ಲರ್ ಅಲ್ಲಿ ಅಭ್ಯಾಸಬಲದಿಂದ ತಮ್ಮ ಕಂಪನಿ ಹೆಸರು ತುಂಬಿದರೆ ಏನಾಗುತ್ತದೆ, ನೀವೇ ಯೋಚಿಸಿ. ಯುರೋಪಿನ ಸೈಬರ್ ಭದ್ರತೆಯ ಕಾನೂನಾದ ಎನ್‌ಐಎಸ್ 2 ನಿರ್ದೇಶನ ರೀಸೆಲ್ಲರ್‌ಗಳನ್ನು ಹೆಸರು ಹಿಡಿದೇ ಸೇರಿಸಿಕೊಂಡು, ದಾಖಲೆ ಸರಿಯಾಗಿಡುವ ಹೊಣೆ ಹೊರಿಸಿದೆ. ಎಲ್ಲ ಕಡೆಯೂ ಹೀಗೇ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ನಿಮ್ಮ ಇನ್‌ಬಾಕ್ಸ್ ನೋಡಿ. ನಿಮ್ಮ ವಿವರ ಸರಿಯಿದೆಯಾ ಅಂತ ಕೇಳುವ ಇಮೇಲನ್ನು ರಿಜಿಸ್ಟ್ರಾರ್ ವರ್ಷಕ್ಕೊಮ್ಮೆ ಕಳಿಸಲೇಬೇಕು. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಂದು, ಒಂದು ವಾರ ಮೊದಲು ಇನ್ನೊಂದು ಎಚ್ಚರಿಕೆ ಬರಬೇಕು. ಸ್ಪ್ಯಾಮ್‌ನಲ್ಲೂ ಇಲ್ಲ ಅಂದರೆ ದಾಖಲೆಯಲ್ಲಿ ಬೇರೆಯವರ ಇಮೇಲ್ ಇರುವ ಸಾಧ್ಯತೆಯೇ ಜಾಸ್ತಿ. ಆಗ ರೀಸೆಲ್ಲರ್‌ಗೆ ಕೇಳಿ, ನಮ್ಮ ಡೊಮೇನ್ ಯಾವ ರಿಜಿಸ್ಟ್ರಾರ್ ಹತ್ತಿರ ಇದೆ ಅಂತ. ಗ್ರಾಹಕರು ಕೇಳಿದರೆ ಅವರು ಹೇಳಲೇಬೇಕು. ಹೇಳದಿದ್ದರೂ ಚಿಂತೆ ಬೇಡ. ಐಕ್ಯಾನ್‌ನ ಹುಡುಕಾಟದ ಪುಟದಲ್ಲಿ ನಿಮ್ಮ ಡೊಮೇನ್ ಹಾಕಿ ನೋಡಿ, ರಿಜಿಸ್ಟ್ರಾರ್ ಹೆಸರನ್ನು ಅಲ್ಲಿ ಮುಚ್ಚಿರುವುದಿಲ್ಲ. ಬಿಲ್ಲುಗಳನ್ನು ಇಟ್ಟುಕೊಂಡು ನೇರವಾಗಿ ಅವರಿಗೇ ಬರೆಯಿರಿ.