ಹುರಿದ ಕೋಳಿಗೆ ಚೆಸ್ಟ್‌ನಟ್ ಹೂರಣ: ಎಲ್ಲಿಂದ ಬಂತು?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಇದು ಕೆರೆಯಲ್ಲಿ ಬೆಳೆಯುವ ವಾಟರ್ ಚೆಸ್ಟ್‌ನಟ್ ಅಲ್ಲ, ಮರದ ಕಾಯಿ. ಹೆಸರಲ್ಲಿ 'ನಟ್' ಇದೆ ಅಂತ ಬಾದಾಮಿ, ಗೋಡಂಬಿ ಜೊತೆ ಸೇರಿಸಬೇಡಿ. ಇದರಲ್ಲಿ ಎಣ್ಣೆ ತೀರಾ ಕಡಿಮೆ, ಪಿಷ್ಟ ಜಾಸ್ತಿ. ಬೇಯಿಸಿದರೆ ನಮ್ಮ ಹಲಸಿನ ಬೀಜದ ಹಾಗೆ ಹಿಟ್ಟುಹಿಟ್ಟಾಗುತ್ತದೆ. ಒಳಸಿಪ್ಪೆ ತೆಗೆಯುವ ಗೋಳೂ ಹೆಚ್ಚುಕಡಿಮೆ ಹಾಗೇ: ಬಿಸಿ ಇರುವಾಗಲೇ ಸುಲಿಯಬೇಕು, ಆರಿದರೆ ಅಂಟಿಕೊಂಡುಬಿಡುತ್ತದೆ.

ಈ ಗುಣ ಹಿಡಿದುಕೊಂಡರೆ ಉಳಿದದ್ದು ಸುಲಭ. ಹಕ್ಕಿ ಬೇಯುವಾಗ ಬಿಡುವ ರಸ, ಕೊಬ್ಬನ್ನು ಹೀರಿಕೊಳ್ಳಲು ಒಳಗೆ ಏನಾದರೂ ಬೇಕು. ಬ್ರೆಡ್ ಪುಡಿ ಹಾಕುವುದೂ ಅದಕ್ಕೇ, ಚೆಸ್ಟ್‌ನಟ್ ಹಾಕುವುದೂ ಅದಕ್ಕೇ. ದಕ್ಷಿಣ ಫ್ರಾನ್ಸಿನ ಸೆವೆನ್ (Cévennes) ಎಂಬ ಬೆಟ್ಟಸೀಮೆಯಲ್ಲಿ ಈ ಮರವನ್ನು 'ಬ್ರೆಡ್ ಮರ' ಎಂದೇ ಕರೆಯುತ್ತಿದ್ದರು. ಬಡವರ ಹೊಟ್ಟೆ ತುಂಬಿಸುತ್ತಿದ್ದದ್ದು ಅದೇ. ಕಾಯಿ ಉದುರುವುದು ಅಕ್ಟೋಬರ್, ನವೆಂಬರ್‌ನಲ್ಲಿ. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬಕ್ಕೆ ಹೆಬ್ಬಾತು ಹುರಿಯುವುದು ಯೂರೋಪಿನ ಹಳೇ ರೂಢಿ. ಎರಡೂ ಒಂದೇ ಹೊತ್ತಿಗೆ ಅಡುಗೆಮನೆಗೆ ಬರುತ್ತಿದ್ದವು, ಅಲ್ವಾ?

ಆದರೆ ಹಳೆಯ ಬರಹದಲ್ಲಿ ಹುಡುಕಿದರೆ ಒಂದು ತಮಾಷೆ ಕಾಣುತ್ತದೆ. 1393ರ ಸುಮಾರಿನ ಫ್ರೆಂಚ್ ಮನೆವಾರ್ತೆ ಪುಸ್ತಕ 'ಲ ಮೆನಾಜಿಯೆ ದ ಪಾರಿ'ಯಲ್ಲಿ ಚೆಸ್ಟ್‌ನಟ್ ಹೂರಣ ಇದೆ, ಆದರೆ ತುಂಬುವುದು ಹಂದಿಮರಿಗೆ! ಜೊತೆಗೆ ಬೆಂದ ಮೊಟ್ಟೆಯ ಹಳದಿ, ಚೀಸ್, ಕೇಸರಿ, ಶುಂಠಿ. ಅದೇ ಕಾಲದ ಇಂಗ್ಲಿಷ್ ಪುಸ್ತಕ 'ಫಾರ್ಮ್ ಆಫ್ ಕ್ಯೂರಿ'ಯಲ್ಲಿ ಹೆಬ್ಬಾತಿಗೆ ತುಂಬುವುದು ಪೇರ್, ದ್ರಾಕ್ಷಿ, ಬೆಳ್ಳುಳ್ಳಿ.

ಪದದ ಬಗ್ಗೆ ಒಂದು ಮಾತು. ಫ್ರೆಂಚರು ಹೂರಣಕ್ಕೆ 'ಫಾರ್ಸ್' ಅನ್ನುತ್ತಾರೆ. ನಾಟಕದ ಫಾರ್ಸ್ ಕೂಡ ಇದೇ ಪದ: ಧಾರ್ಮಿಕ ನಾಟಕಗಳ ನಡುವೆ 'ತುಂಬುತ್ತಿದ್ದ' ನಗೆಯಾಟ.

ಕೋಳಿಗೆ ಸರಿಯಾದ ವಿಧಾನ ಬೇಕಿದ್ದರೆ ಇಂಗ್ಲಿಷ್ ಅಡುಗೆ ಪುಸ್ತಕದ ಲೇಖಕಿ ಹಾನಾ ಗ್ಲಾಸ್ 1747ರಲ್ಲಿ ಬರೆದದ್ದನ್ನು ನೋಡಿ. ಚೆಸ್ಟ್‌ನಟ್ ಕರಕಾಗದಂತೆ ಸುಟ್ಟು, ಸುಲಿದು, ಸುಮಾರು ಹನ್ನೆರಡನ್ನು ಒರಳಲ್ಲಿ ಜಜ್ಜಬೇಕು. ಅರೆಬೆಂದ ಕೋಳಿ ಲಿವರ್, ಕಾಲು ಪೌಂಡ್ ಹ್ಯಾಮ್ ಅಥವಾ ಬೇಕನ್, ಪಾರ್ಸ್ಲಿ, ಜಾಪತ್ರೆ, ಜಾಯಿಕಾಯಿ, ಮೆಣಸು, ಉಪ್ಪು ಸೇರಿಸಿ ತುಂಬಬೇಕು. ಆಮೇಲೆ ಕತ್ತು ಬಿಗಿದು ಕಟ್ಟಿ, ಕಾಲಿಗೆ ದಾರ ಹಾಕಿ ತೂಗುಬಿಟ್ಟು, ಬೆಣ್ಣೆ ಸವರುತ್ತಾ ಹುರಿಯಬೇಕು. ಹಕ್ಕಿ ತಲೆಕೆಳಗಾಗಿ ತೂಗುತ್ತದಲ್ಲ, ಕತ್ತಿಗೆ ಗಂಟು ಹಾಕದಿದ್ದರೆ ಹೂರಣ ಬೆಂಕಿಯ ಪಾಲು. ಉಳಿದ ಚೆಸ್ಟ್‌ನಟ್ ಸಾಸಿಗೆ. ಎಷ್ಟು ಲೆಕ್ಕಾಚಾರದ ಅಡುಗೆ ನೋಡಿ!

ಟರ್ಕಿ ಕೋಳಿ 16ನೇ ಶತಮಾನದಲ್ಲಿ ಮೆಕ್ಸಿಕೋದಿಂದ ಯೂರೋಪಿಗೆ ಬಂತು. ಕಾಲ ಕಳೆದಂತೆ ಹೆಬ್ಬಾತಿನ ಜಾಗ ಹಿಡಿಯಿತು. ಫ್ರಾನ್ಸಿನಲ್ಲಿ ಚೆಸ್ಟ್‌ನಟ್ ಟರ್ಕಿ ಈಗ ಕ್ರಿಸ್‌ಮಸ್ ಊಟ.

ಅಮೆರಿಕದ ಕತೆಯಲ್ಲಿ ಎಚ್ಚರ ಬೇಕು. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಒಂದು ಶಿಲೀಂಧ್ರ ರೋಗ ಕಣ್ಣಿಗೆ ಬಿತ್ತು. ಸುಮಾರು ಐವತ್ತು ವರ್ಷದಲ್ಲಿ ಆ ದೇಶದ ಚೆಸ್ಟ್‌ನಟ್ ಮರಗಳು ಕೋಟಿಗಟ್ಟಲೆ ಸತ್ತವು. ಹೊರದೇಶದ ಕಾಯಿ ಅಮೆರಿಕಕ್ಕೆ ಬಂದದ್ದೇ ಆಮೇಲೆ ಅಂತ ಸುಮ್ನೆ ಬರೆದುಬಿಡಬೇಡಿ. ಅಮೆರಿಕದ ಅಡುಗೆ ಪುಸ್ತಕದ ಲೇಖಕಿ ಫ್ಯಾನಿ ಫಾರ್ಮರ್ 1896ರಲ್ಲೇ ತಮ್ಮ ಹೂರಣಕ್ಕೆ 'ಫ್ರೆಂಚ್ ಚೆಸ್ಟ್‌ನಟ್' ಕೇಳುತ್ತಾರೆ, ರೋಗ ಕಾಣುವ ಎಂಟು ವರ್ಷ ಮುಂಚೆ. ಅಮೆರಿಕದ ಕಾಯಿ ರುಚಿಯಾದರೂ ಚಿಕ್ಕದು. ಮೂರು ಕಪ್ ತುಂಬುವಷ್ಟು ಸುಲಿಯುವವರಿಗೆ ದೊಡ್ಡ ಕಾಯಿಯೇ ವಾಸಿ ಅನ್ನಿಸಿರಬೇಕು.