ಓದುಗರ ಪ್ರಶ್ನೆ: ಬೈಕ್ ಓಡಿಸಿದರೆ ಮಣಿಕಟ್ಟು ನೋಯುತ್ತದೆ, ಹ್ಯಾಂಡಲ್ ಎತ್ತರಿಸಬೇಕೇ?

ಪ್ರಶ್ನೆ: ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಿನಾ 125 ಸಿಸಿ ಬೈಕಿನಲ್ಲೇ ಕೆಲಸಕ್ಕೆ ಹೋಗಿಬರುತ್ತೇನೆ. ಭರಮಸಾಗರ ದಾಟುವಷ್ಟರಲ್ಲಿ ಎರಡೂ ಮಣಿಕಟ್ಟು ನೋಯಲು ಶುರುವಾಗುತ್ತದೆ, ಎಡಗೈ ಜಾಸ್ತಿ. ಹ್ಯಾಂಡಲ್ ಕೆಳಗೆ ರೈಸರ್ (ಎತ್ತರಿಸುವ ತುಂಡು) ಹಾಕಿಸಿ ಅಂತ ಗ್ಯಾರೇಜಿನಲ್ಲಿ ಹೇಳುತ್ತಾರೆ. ಹಾಕಿಸಲೇ?

ಉತ್ತರ: ಸದ್ಯಕ್ಕೆ ಬೇಡ. ರೈಸರ್‌ಗೆ ದುಡ್ಡು ಸುರಿಯುವ ಮುಂಚೆ ಒಂದು ಹತ್ತು ನಂಬರ್ ಪಾನ (ಸ್ಪ್ಯಾನರ್) ಹಿಡಿದು ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳ ಓರೆ ಸರಿಮಾಡಿ ನೋಡಿ. ನೇರ ಕೂತು ಓಡಿಸುವ ಸಾದಾ ಬೈಕುಗಳಲ್ಲಿ ಬಹಳಷ್ಟು ಸಲ ತೊಂದರೆ ಇರುವುದು ಹ್ಯಾಂಡಲಿನ ಎತ್ತರದಲ್ಲಲ್ಲ, ಲಿವರ್ ಕೂತ ರೀತಿಯಲ್ಲಿ. ಶೋರೂಮಿನಿಂದ ಬರುವಾಗ ಲಿವರ್‌ಗಳು ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಚಾಚಿಕೊಂಡಿರುತ್ತವೆ. ಅದರ ಮೇಲೆ ಬೆರಳಿಡಬೇಕಾದರೆ ಹಸ್ತವನ್ನು ಮೇಲಕ್ಕೆ ಮಡಿಸಲೇಬೇಕು. ಹಾಗೆ ಮಡಿಸಿದ ಮಣಿಕಟ್ಟಿನಿಂದಲೇ ನೂರಾರು ಸಲ ಕ್ಲಚ್ ಒತ್ತಿದರೆ ಸಂಜೆಗೆ ನೋಯದೆ ಇನ್ನೇನು?

ಮೊದಲು ಯಾವ ಕೈ ನೋಯುತ್ತದೆ ಅನ್ನುವುದನ್ನು ಗಮನಿಸಿ. ಎಡಗೈ ಮಾತ್ರ ಅಥವಾ ಎಡಗೈ ಹೆಚ್ಚು ನೋಯುತ್ತಿದ್ದರೆ ಕ್ಲಚ್ ಕಡೆ ನೋಡಬೇಕು. ಬಲಗೈ ಆದರೆ ಆಕ್ಸಿಲರೇಟರ್ ಹಿಡಿಯುವ ರೀತಿ. ಎರಡೂ ಒಂದೇ ಸಮ ನೋಯುತ್ತಿದ್ದರೆ ಮೈಭಾರ ಕೈ ಮೇಲೆ ಬೀಳುತ್ತಿದೆ ಅಂತ ಅರ್ಥ. ಆಗ ಮಾತ್ರ ಹ್ಯಾಂಡಲ್, ಸೀಟಿನ ವಿಚಾರಕ್ಕೆ ಬರಬೇಕು.

ಅಳತೆ ನೋಡಲು ಇನ್ನೊಬ್ಬರು ಬೇಕು. ಅವರು ಬೈಕನ್ನು ನೆಟ್ಟಗೆ ಹಿಡಿದಿರಲಿ, ನೀವು ಎರಡೂ ಕಾಲನ್ನು ಫುಟ್‌ರೆಸ್ಟ್ ಮೇಲಿಟ್ಟು ದಿನಾ ಕೂರುವ ಜಾಗದಲ್ಲೇ ಕೂರಿ. ಭುಜ ಸಡಿಲ ಬಿಟ್ಟು, ಮೊಳಕೈ ಸ್ವಲ್ಪ ಮಡಿಸಿ ಗ್ರಿಪ್ ಹಿಡಿದು, ನೋಡದೆಯೇ ಬೆರಳುಗಳನ್ನು ನೇರ ಚಾಚಿ. ಮೊಳಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು, ಆ ಗೆರೆಯ ಮೇಲೆಯೇ ಲಿವರ್ ಇರಬೇಕು. ಬೆರಳು ಲಿವರ್‌ನ ಕೆಳಗೆ ಹೋದರೆ ಲಿವರ್ ಮೇಲಾಯಿತು. ಪಕ್ಕದಿಂದ, ಮೊಳಕೈ ಮಟ್ಟದಲ್ಲಿ ಮೊಬೈಲ್ ಹಿಡಿದು ಒಂದು ಫೋಟೋ ತೆಗೆಸಿಕೊಳ್ಳಿ. ಕಣ್ಣಂದಾಜಿಗಿಂತ ಅದು ಎಷ್ಟೋ ಮೇಲು. ಸಾಮಾನ್ಯ ಎತ್ತರದವರಿಗೆ ಲಿವರ್ ನೆಲಮಟ್ಟದಿಂದ 30ರಿಂದ 45 ಡಿಗ್ರಿ ಕೆಳಮುಖವಾಗಿ ಬರುತ್ತದೆ. ಇದು ಅಂದಾಜು ಮಾತ್ರ, ನಿಮ್ಮ ತೋಳು ಹೇಳಿದ್ದೇ ಅಂತಿಮ.

ಈಗ ಕ್ಲಚ್ ಲಿವರ್ ಬ್ರಾಕೆಟ್ಟಿನ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ. ಪೂರ್ತಿ ಬಿಚ್ಚಬೇಡಿ. ಬ್ರಾಕೆಟ್ಟನ್ನು ಕೈಯಿಂದಲೇ ಸ್ವಲ್ಪ ಕೆಳಕ್ಕೆ ತಿರುಗಿಸಿ, ಮತ್ತೆ ಕೂತು ನೋಡಿ, ಬಿಗಿ ಮಾಡಿ. ಕನ್ನಡಿ ಅದೇ ಬ್ರಾಕೆಟ್ಟಿನ ಮೇಲಿದ್ದರೆ ಅದೂ ತಿರುಗುತ್ತದೆ, ಆಮೇಲೆ ಸರಿಪಡಿಸಿಕೊಳ್ಳಿ. ಇಂಡಿಕೇಟರ್, ಹಾರ್ನ್ ಇರುವ ಸ್ವಿಚ್ ಪೆಟ್ಟಿಗೆ ಮಾತ್ರ ತಿರುಗದೇ ಇರಬಹುದು. ಅದರೊಳಗಿನ ಸಣ್ಣ ಮೊಳೆ ಹ್ಯಾಂಡಲಿನ ತೂತಿನಲ್ಲಿ ಕೂತಿರುತ್ತದೆ. ಬಲ ಹಾಕಿ ತಿರುಗಿಸಿದರೆ ಮೊಳೆ ಮುರಿದು, ಇಡೀ ಪೆಟ್ಟಿಗೆ ಹ್ಯಾಂಡಲ್ ಮೇಲೆ ಗರಗರ ಸುತ್ತಲು ಶುರುಮಾಡುತ್ತದೆ. ಬ್ರಾಕೆಟ್ಟು, ಸ್ವಿಚ್ಚು ಎರಡೂ ಒಂದೇ ಅಚ್ಚಾಗಿರುವ ಬೈಕುಗಳಲ್ಲಿ ಲಿವರ್ ಮಾತ್ರ ತಿರುಗಿಸಲು ಬರುವುದಿಲ್ಲ.

ಬಲಗಡೆ ಡಿಸ್ಕ್ ಬ್ರೇಕ್ ಇದ್ದರೆ ಇನ್ನೊಂದು ಎಚ್ಚರ ಬೇಕು. ಅಲ್ಲಿ ಲಿವರ್ ಜೊತೆ ಬ್ರೇಕ್ ಆಯಿಲ್ ಡಬ್ಬಿಯೂ ಓರೆಯಾಗುತ್ತದೆ. ಆಯಿಲ್ ಕಡಿಮೆ ಇದ್ದು ಡಬ್ಬಿ ಜಾಸ್ತಿ ವಾಲಿದರೆ ಗಾಳಿ ಒಳಸೇರಿ ಬ್ರೇಕ್ ಮೆತ್ತಗಾಗುತ್ತದೆ. ಸ್ವಲ್ಪವೇ ತಿರುಗಿಸಿ, ಆಯಿಲ್ ಮಟ್ಟ ಕನಿಷ್ಠ ಗೆರೆಯ ಮೇಲಿದೆಯೇ, ಹೋಸ್ ಎಳೆದುಕೊಂಡಿಲ್ಲವೇ ನೋಡಿ. ಕ್ಲಾಂಪಿನ ಮೇಲಿರುವ ಬಾಣದ ಗುರುತು ಮೇಲ್ಮುಖವಾಗಿರಲಿ. ಮೊದಲು ಮೇಲಿನ ಬೋಲ್ಟು, ಆಮೇಲೆ ಕೆಳಗಿನದು ಬಿಗಿ ಮಾಡಬೇಕು. ಇವು 6 ಮಿ.ಮೀ.ನ ಸಣ್ಣ ಬೋಲ್ಟುಗಳು, ಉದ್ದ ಪಾನ ಹಾಕಿ ಒತ್ತಿದರೆ ಮರೆ (ಥ್ರೆಡ್) ಹಾಳಾಗುತ್ತದೆ.

ಓರೆ ಸರಿಯಾಯಿತು, ಆದರೂ ಎಡಗೈ ನೋವು ನಿಂತಿಲ್ಲ ಅಂದರೆ ಕೇಬಲ್ ನೋಡಿ. ದಾವಣಗೆರೆಯ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಸಂಜೆಯ ದಟ್ಟಣೆಯಲ್ಲಿ ಮೊದಲನೇ ಗೇರು, ಎರಡನೇ ಗೇರು ಅಂತ ಒದ್ದಾಡುವವರಿಗೆ ಬಿಗಿ ಕ್ಲಚ್‌ನಷ್ಟು ಕೈ ತಿನ್ನುವ ವಸ್ತು ಬೇರೆ ಇಲ್ಲ. ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಪ್ಲೇ (ಕ್ಲಚ್ ಹಿಡಿಯುವ ಮುಂಚಿನ ಸಡಿಲ) ಇರಬೇಕು ಅಂತ ಸಾದಾ ಬೈಕುಗಳ ಮ್ಯಾನ್ಯುಯಲ್‌ಗಳು ಹೇಳುತ್ತವೆ. ನಿಮ್ಮದರಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಕೇಬಲನ್ನು ಲಿವರ್ ಕಡೆಯಿಂದ ಬಿಚ್ಚಿ ಒಳತಂತಿಯನ್ನು ಕೈಯಲ್ಲಿ ಎಳೆದು ನೋಡಿ. ಜಾರದೆ ಕರಕರ ಅಂದರೆ ಒಳಗೆ ದೂಳು, ತುಕ್ಕು. ತುದಿಯ ಗುಂಡಿನ ಹತ್ತಿರ ಒಂದೆರಡು ಎಳೆ ಕಿತ್ತು ನಿಂತಿದ್ದರೆ ಎಣ್ಣೆ ಬಿಡುತ್ತಾ ಕೂರಬೇಡಿ, ಕೇಬಲ್ ಬದಲಿಸಿ. ಇಲ್ಲವಾದರೆ ಹೆದ್ದಾರಿ ನಡುವೆ ಕಿತ್ತುಕೊಳ್ಳುತ್ತದೆ. ಎಳೆ ಚೆನ್ನಾಗಿದ್ದರೆ ತೆಳು ಎಣ್ಣೆ ಹನಿಸಿ ಇನ್ನೊಂದು ತುದಿಯಲ್ಲಿ ಹೊರಬರುವವರೆಗೆ ಬಿಡಿ. ಒಳಗೆ ನೈಲಾನ್ ಪದರ ಇರುವ ಕೇಬಲ್‌ಗೆ ಎಣ್ಣೆ ಬೇಕಿಲ್ಲ. ಲಿವರ್ ತಿರುಗುವ ಬೋಲ್ಟಿಗೆ ಕಡಲೆ ಗಾತ್ರದ ಗ್ರೀಸ್ ಸಾಕು. ಪ್ಲೇ ಎಷ್ಟು ಸರಿಮಾಡಿದರೂ, ಎಣ್ಣೆ ಬಿಟ್ಟರೂ ಕ್ಲಚ್ ಭಾರವಾಗಿಯೇ ಇದ್ದರೆ ಕೇಬಲ್ ಎಲ್ಲೋ ಮಡಚಿಕೊಂಡಿರಬಹುದು. ಟ್ಯಾಂಕಿನ ಮುಂದೆ, ಹೆಡ್‌ಲೈಟ್ ಹಿಂದೆ ಹುಡುಕಿ.

ಇನ್ನು ಹ್ಯಾಂಡಲ್. ಗ್ರಿಪ್ ಮುಟ್ಟಲು ಮುಂದಕ್ಕೆ ಬಾಗಬೇಕಾಗುತ್ತಿದ್ದರೆ ಅದನ್ನು ಹಿಂದಕ್ಕೆ ತಿರುಗಿಸಬಹುದು. ಗ್ಯಾರೇಜುಗಳಲ್ಲಿ ಇದನ್ನು ಮಾಡಿಕೊಡುತ್ತಾರೆ, ಆದರೆ ಅರ್ಧಕ್ಕೆ ಬಿಡುತ್ತಾರೆ. ಹ್ಯಾಂಡಲ್ ನಿಮ್ಮ ಕಡೆಗೆ ತಿರುಗಿದಾಗ ಲಿವರ್‌ಗಳ ತುದಿ ಮೇಲಕ್ಕೆ ಏಳುತ್ತದೆ. ಅಂದರೆ ಬೆನ್ನಿಗೆ ಸುಖ, ಮಣಿಕಟ್ಟಿಗೆ ಇನ್ನೂ ಕಷ್ಟ. ಹಾಗಾಗಿ ಹ್ಯಾಂಡಲ್ ಅಲ್ಲಾಡಿಸಿದರೆ ಲಿವರ್‌ಗಳ ಓರೆಯನ್ನು ಮೊದಲಿನಿಂದ ಮತ್ತೆ ಹೊಂದಿಸಲೇಬೇಕು. ಟ್ಯಾಂಕ್ ಮೇಲೆ ದಪ್ಪ ಬಟ್ಟೆ ಹಾಸಿ, ಮೂಲ ಜಾಗಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಕ್ಲಾಂಪಿನ ನಾಲ್ಕೂ ಬೋಲ್ಟು ಸಡಿಲಿಸಿ, ಗ್ರಿಪ್ ಬಳಿ 5 ಮಿ.ಮೀ.ನಷ್ಟು ಮಾತ್ರ ಸರಿಸಿ. ಕ್ಲಾಂಪಿನ ಮೇಲೆ ಚುಕ್ಕೆ ಇದ್ದರೆ ಅದು ಮುಂದಕ್ಕೆ ಬರಬೇಕು. ಅಂಥ ಕ್ಲಾಂಪ್‌ಗಳಲ್ಲಿ ಮುಂದಿನ ಬೋಲ್ಟುಗಳನ್ನು ಮೊದಲು ಪೂರ್ತಿ ಬಿಗಿ ಮಾಡಿ, ಸಂದು ಹಿಂದೆ ಉಳಿಯಬೇಕು. 8 ಮಿ.ಮೀ. ಬೋಲ್ಟುಗಳಾದರೆ ಬಿಗಿ ಸುಮಾರು 20ರಿಂದ 25 ನ್ಯೂಟನ್ ಮೀಟರ್, ಖಚಿತ ಅಂಕಿಗೆ ಮ್ಯಾನ್ಯುಯಲ್ ನೋಡಿ. ಇಲ್ಲಿ ಸಡಿಲ ಉಳಿದರೆ ಜೋರಾಗಿ ಬ್ರೇಕ್ ಹಾಕಿದಾಗ ಹ್ಯಾಂಡಲ್ಲೇ ತಿರುಗಿಕೊಳ್ಳುತ್ತದೆ.

ಎಲ್ಲ ಮುಗಿದ ಮೇಲೆ ತಪ್ಪಿಸಬಾರದ ಪರೀಕ್ಷೆ ಒಂದಿದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎಡಗೊನೆಯಿಂದ ಬಲಗೊನೆಗೆ ನಿಧಾನ ತಿರುಗಿಸಿ. ಇಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ, ಹಾಗೇ ರಸ್ತೆಗಿಳಿಯಬೇಡಿ. ಹೆಬ್ಬೆರಳು ಟ್ಯಾಂಕಿಗೆ ತಾಗಿದರೆ ಹ್ಯಾಂಡಲ್ ಅತಿಯಾಗಿ ಹಿಂದೆ ಬಂದಿದೆ.

ರೈಸರ್ ಬರುವುದು ಇಷ್ಟೆಲ್ಲ ಆದ ಮೇಲೆ. 20–30 ಮಿ.ಮೀ.ವರೆಗೆ ಸಾಮಾನ್ಯವಾಗಿ ಇರುವ ಕೇಬಲ್‌ಗಳೇ ಸಾಲುತ್ತವೆ. ಅದಕ್ಕಿಂತ ಎತ್ತರಿಸಿದರೆ ಬ್ರೇಕ್ ಹೋಸ್, ಕೇಬಲ್ ಎಲ್ಲ ಉದ್ದದವು ಬೇಕು, ಖರ್ಚು ಬೆಳೆಯುತ್ತದೆ. ಎರಡು ತುಂಡಿನ, ಮುಂಚಕ್ರ ಹಿಡಿದಿರುವ ಫೋರ್ಕಿಗೇ ಕಚ್ಚಿಕೊಂಡ ಹ್ಯಾಂಡಲ್ ಇರುವ ರೇಸ್ ಮಾದರಿ ಬೈಕಾದರೆ ಕಥೆ ಬೇರೆ. ಅಲ್ಲಿ ಹ್ಯಾಂಡಲನ್ನು ಹೀಗೆ ಹಿಂದಕ್ಕೆ ತಿರುಗಿಸಲು ಬರುವುದಿಲ್ಲ.

ಬಹಳ ಜನ ಸೀಟನ್ನು ಮರೆಯುತ್ತಾರೆ. ಹೊಸ ಕವರ್ ಹಾಕಿಸುವಾಗ ಸ್ಪಂಜು ಮುಂದಕ್ಕೆ ಇಳಿಜಾರಾಗಿ ಕೂತಿದ್ದರೆ ಬ್ರೇಕ್ ಹಾಕಿದಾಗಲೆಲ್ಲ ಜಾರಿ ಟ್ಯಾಂಕಿಗೆ ಬರುತ್ತೀರಿ, ತಡೆಯುವ ಕೆಲಸ ಕೈಗೆ ಬೀಳುತ್ತದೆ. ಒಬ್ಬರೇ ಓಡಾಡುವವರು ಹಿಂದಿನ ಶಾಕ್ ಅಬ್ಸಾರ್ಬರನ್ನು ಅತಿ ಬಿಗಿ ಹಂತದಲ್ಲಿಟ್ಟರೂ ಬೈಕಿನ ಹಿಂಭಾಗ ಎದ್ದು ಇದೇ ಆಗುತ್ತದೆ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯುವುದು ರೂಢಿಯಾದರೆ ಕೈಗೆ ಅರ್ಧ ಕೆಲಸ ಕಡಿಮೆ.

ಬಲಗೈಯವರಿಗೆ ಒಂದು ಮಾತು. ಆಕ್ಸಿಲರೇಟರ್ ಪೂರ್ತಿ ಮುಚ್ಚಿರುವಾಗ ಮಣಿಕಟ್ಟು ನೇರ ಇದ್ದರೆ, 60ರ ವೇಗದಲ್ಲಿ ಅದು ಕೆಳಕ್ಕೆ ಕುಸಿದಿರುತ್ತದೆ, ಚಿತ್ರದುರ್ಗದವರೆಗೂ ಹಾಗೇ ಇರುತ್ತದೆ. ನೇರ ಇರಬೇಕಾದ್ದು ಓಡುವ ವೇಗದಲ್ಲಿ. ನಿಂತಿರುವಾಗ ಮೊಳಕೈ ತುಸು ಎತ್ತಿ, ಹಸ್ತ ಸ್ವಲ್ಪ ಮುಂದಕ್ಕೆ ಬಾಗುವಂತೆ ಗ್ರಿಪ್ ಹಿಡಿದರೆ ತಾನಾಗಿ ಸರಿಹೋಗುತ್ತದೆ. ಆಷಾಢದ ಗಾಳಿಯಲ್ಲಿ ಇನ್ನೊಂದು ತೊಡಕಿದೆ. ನೈಋತ್ಯದ ಗಾಳಿ ದುರ್ಗಕ್ಕೆ ಹೋಗುವಾಗ ಬಲಗಡೆಯಿಂದ, ಬರುವಾಗ ಎದುರು-ಎಡದಿಂದ ಹೊಡೆಯುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿ ಯಂತ್ರಗಳ ಸಾಲು ಸುಮ್ಮನೆ ನಿಂತಿಲ್ಲ. ಭಯಕ್ಕೆ ಗ್ರಿಪ್ಪನ್ನು ಹಿಂಡಿ ಹಿಡಿದರೆ ಹತ್ತು ಕಿಲೋಮೀಟರಿಗೇ ಮುಂಗೈ ಕಲ್ಲಾಗುತ್ತದೆ. ಗಾಳಿ ಬರುವ ಕಡೆಯ ಗ್ರಿಪ್ಪನ್ನು ಅಂಗೈಯಿಂದ ಮುಂದಕ್ಕೆ ಹಗುರವಾಗಿ ಒತ್ತಿದರೆ ಬೈಕು ಆ ಕಡೆಗೆ ವಾಲಿ ನೇರ ಹೋಗುತ್ತದೆ. ಅಂಗೈ ಒತ್ತಿ ಆಕ್ಸಿಲರೇಟರ್ ಹಿಡಿದಿಡಲು ಗ್ರಿಪ್ಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಹಸ್ತಪಟ್ಟಿಗಳು ಹೆದ್ದಾರಿಯಲ್ಲಿ ಹಿತ, ಊರೊಳಗೆ ತಿರುಗುವಾಗ ಅಂಗೈ ತಾಗಿ ಬೈಕು ನುಗ್ಗುವ ಅಪಾಯ ಇದೆ. ಹಾಗಾಗಿ ಅವು ಬೇಡ ಅನ್ನುವುದೇ ನಮ್ಮ ಸಲಹೆ.

ಬೈಕು ಯಾವಾಗಲಾದರೂ ಬಿದ್ದಿದೆಯೇ? ಸೀಟಿನ ನಡುಗೆರೆಯ ಒಂದು ಬಿಂದುವಿನಿಂದ ಎರಡೂ ಗ್ರಿಪ್ ತುದಿಗೆ ಟೇಪ್ ಹಿಡಿಯಿರಿ. ಚಕ್ರ ನೇರ ಇರುವಾಗ ವ್ಯತ್ಯಾಸ ಕಂಡರೆ ಹ್ಯಾಂಡಲ್ ಬಾಗಿರಬಹುದು ಅಥವಾ ಫೋರ್ಕ್ ತಿರುಚಿಕೊಂಡಿರಬಹುದು. ಬಾಗಿದ ಹ್ಯಾಂಡಲನ್ನು ಬಡಿದು ನೇರ ಮಾಡಿಸಬೇಡಿ, ಬದಲಿಸಿ. ಬಿದ್ದಾಗ ಕಳೆದುಹೋದ ಹ್ಯಾಂಡಲ್ ತುದಿಯ ತೂಕದ ಗುಂಡನ್ನೂ ಮತ್ತೆ ಹಾಕಿಸಿ. ಅದು ಅಂದಕ್ಕೆ ಇಟ್ಟದ್ದಲ್ಲ, ಕೈಗೆ ಬರುವ ನಡುಕ ತಗ್ಗಿಸುತ್ತದೆ. ದಪ್ಪ ಫೋಮ್ ಗ್ರಿಪ್ ಸಣ್ಣ ಹಸ್ತದವರಿಗೆ ನೋವನ್ನು ಹೆಚ್ಚಿಸುವುದೇ ಜಾಸ್ತಿ.

ಇಷ್ಟಾದರೂ ಎರಡು ಮೂರು ವಾರದಲ್ಲಿ ನೋವು ಇಳಿಯದಿದ್ದರೆ ಮೂಳೆ ಅಥವಾ ನರತಜ್ಞರನ್ನು ಕಾಣಿ. ಎಲ್ಲಿ, ಯಾವಾಗ ಅಂತ ಸರಿಯಾಗಿ ಹೇಳಿದರೆ ಅವರಿಗೆ ಸುಲಭ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುವುದು ಒಂದು ನರದ ತೊಂದರೆ. ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯುವುದು ಇನ್ನೊಂದರದು, ಅಂಗೈಯ ಬುಡ ಗ್ರಿಪ್ಪಿಗೆ ಒತ್ತುವವರಿಗೆ ಬರುವಂಥದ್ದು. ಹೆಬ್ಬೆರಳ ಬುಡದಲ್ಲಿ ಚುಚ್ಚಿದಂತಾದರೆ ಅದು ಸ್ನಾಯುರಜ್ಜಿನ ಉರಿಯೂತ ಇರಬಹುದು. ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಕೊರತೆ ಇದ್ದವರಿಗೆ ಮೊದಲನೇ ಬಗೆಯ ಜೋಮು ಬರುವ ಸಂಭವ ಹೆಚ್ಚು. ಅಂಥವರು ಪಾನ ಹಿಡಿದು ವಾರಗಟ್ಟಲೆ ಕಾಯದೆ ಮೊದಲೇ ತೋರಿಸಿಕೊಳ್ಳಬೇಕು.